ಕೋಲಾರದಲ್ಲಿ ಹಳೇ ಚಪ್ಪಡಿ ಮನೆ ರಿಪೇರಿ: ಮೆಟೀರಿಯಲ್ ಸಮೇತ ಕೊಡೋದಾ, ಲೇಬರ್ ಮಾತ್ರನಾ?

ಕೋಲಾರ (ಮನೆ ಮಾಲೀಕರು): ಹತ್ತು ಚದರದ (ಸಾವಿರ ಚದರಡಿ) ಕಲ್ಲು ಚಪ್ಪಡಿ ಮನೆ, ಅಂದ್ರೆ ಮಾಳಿಗೆಗೆ ಕಲ್ಲು ಹಾಸಿರೋದು. ಬಾತ್‌ರೂಮ್ ಪೂರ್ತಿ ಹೊಸದಾಗಬೇಕು, ಅಡುಗೆಮನೆ-ಹಾಲ್ ನಡುವಿನ ಗೋಡೆ ತೆಗೀಬೇಕು, ಮಾಳಿಗೆ ಸೋರೋದು ನಿಲ್ಲಬೇಕು. ಒಬ್ಬರು ಮೆಟೀರಿಯಲ್ ಸಮೇತ 6.8 ಲಕ್ಷ ಅಂತಾರೆ, ಇನ್ನೊಬ್ಬರು ಲೇಬರ್ ಮಾತ್ರ 2.4 ಲಕ್ಷ. ಯಾರಿಗೆ ಕೊಡಲಿ?

ಕ್ಯಾತ್ಸಂದ್ರ: ಮೆಟೀರಿಯಲ್ ಸಮೇತ ಕೊಡಿ ಸಾರ್. ಆದ್ರೆ ಕೊಟೇಶನ್ ಒಂದೇ ಸಾಲಲ್ಲಿದ್ರೆ ವಾಪಸ್ ಕಳಿಸಿ. ನಮಗೆ ‘ಬಾತ್‌ರೂಮ್ ಕಂಪ್ಲೀಟ್’ ಅಂತ ಬರ್ಕೊಟ್ಟಿದ್ರು. ಆ ಕಂಪ್ಲೀಟ್‌ನಲ್ಲಿ ಹಳೇ ಟೈಲ್ಸ್ ಒಡೆಯೋದಿಲ್ಲ, ಡೆಬ್ರಿಸ್ ಸಾಗಿಸೋ ಟ್ರ್ಯಾಕ್ಟರ್ ಇಲ್ಲ, ವಾಟರ್‌ಪ್ರೂಫಿಂಗೂ ಇಲ್ಲ. ಮೂರೂ ಸೇರಿ 31 ಸಾವಿರ ಎಕ್ಸ್‌ಟ್ರಾ! ಬಿಸಿನೀರಿಗೆ ಸಿಪಿವಿಸಿ (ಬಿಸಿ ತಡೆಯೋ ಪ್ಲಾಸ್ಟಿಕ್ ಪೈಪು), ಕಮೋಡ್‌ಗೆ 110 ಎಂಎಂ ಪೈಪು, ಗೀಸರ್‌ಗೆ 4 ಸ್ಕ್ವೇರ್ ಎಂಎಂ ವೈರು, ಎಲ್ಲಾ ಬರೆಸ್ಕೊಳ್ಳಿ. ಗೋಡೆ ಮುಚ್ಚೋ ಮುಂಚೆ ಪೈಪಿಗೆ ಪ್ರೆಶರ್ ಟೆಸ್ಟ್ ಆಗ್ಲೇಬೇಕು. ವಾಟರ್‌ಪ್ರೂಫ್ ಎರಡು ಕೋಟ್, ಗೋಡೆ ಮೇಲೂ ಒಂದಡಿ ಹತ್ತಿಸಿ. ಒಣಗಿದ ಮೇಲೆ ನೀರು ಹೊರಗೆ ಹೋಗೋ ಟ್ರ್ಯಾಪ್ ಬಾಯಿ ಕಟ್ಟಿ ನೀರು ನಿಲ್ಲಿಸಿ, ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆದು 48 ಗಂಟೆ ನೋಡಿ. ಟೈಲ್ಸ್ ಕಂತಿನ ದುಡ್ಡು ಆಮೇಲೆ.

ಚಿಂತಾಮಣಿ: ಮೆಟೀರಿಯಲ್ ಅವರ ಕೈಗೆ ಕೊಟ್ರೆ ಮುಗೀತು, ಲಾಭ ಹೊಡೆಯೋದೇ ಅಲ್ಲಿ. ಲೇಬರ್ ಮಾತ್ರ ಕೊಡಿ, ಲೆಕ್ಕ ಕಲೀರಿ. ಒಂದು ಚದರ ಗೋಡೆಗೆ 12 ಎಂಎಂ ಗಾರೆ, 1:6ರಲ್ಲಿ (ಒಂದು ಪಾಲು ಸಿಮೆಂಟ್, ಆರು ಪಾಲು ಮರಳು) ಮುಕ್ಕಾಲು ಮೂಟೆ ಸಿಮೆಂಟ್ ಸಾಕು. ಹಳೇ ಗೋಡೆ ಅಂಕುಡೊಂಕಿದ್ರೆ ಒಂದು ಮೂಟೆ. ಎರಡು ಹೋಯ್ತು ಅಂದ್ರೆ ಎಲ್ಲಿ ಹೋಯ್ತು ಅಂತ ಕೇಳಿ. ಗಾರೆಗೆ ಪಿ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ನಯವಾದ ಮರಳು) ತನ್ನಿ, ಕಾಂಕ್ರೀಟ್‌ಗೆ ಹಾಕೋ ಎಂ-ಸ್ಯಾಂಡ್ ದಪ್ಪ, ಫಿನಿಶಿಂಗ್ ಬರಲ್ಲ. ಮೂಟೆ ಮೇಲೆ ತಯಾರಾದ ವಾರ ಇರುತ್ತೆ, ಮೂರು ತಿಂಗಳು ದಾಟಿದ್ರೆ ಇಳಿಸ್ಕೋಬೇಡಿ. ಶನಿವಾರ ಬಟವಾಡೆಗೆ ಮುಂಚೆ ಖಾಲಿ ಚೀಲ ಎಣಿಸಿ.

ಕ್ಯಾತ್ಸಂದ್ರ: ಚೀಲ ಎಣಿಸ್ತಾ ಕೂರೋಕೆ ಎಲ್ರೂ ರಿಟೈರ್ಡ್ ಅಲ್ಲ ಸ್ವಾಮಿ. ಎರಡು ಬಾಕ್ಸ್ ಟೈಲ್ಸ್ ಕಮ್ಮಿ ಬಿದ್ರೆ ಅದೇ ಬ್ಯಾಚ್ ಸಿಗಲ್ಲ, ಶೇಡ್ ಬೇರೆ ಬರುತ್ತೆ. ಆಗ ಯಾರನ್ನ ಕೇಳ್ತೀರಾ?

ಚಿಂತಾಮಣಿ: ಹತ್ತು ಪರ್ಸೆಂಟ್ ಜಾಸ್ತಿ ತರಬೇಕು ಅಂತ ಗೊತ್ತಿಲ್ದೋರು ಸಲಹೆ ಕೊಡೋಕೆ ಬರ್ಬಾರ್ದು. ರಿಟೈರ್ಡ್ ಅಂದಿದ್ದು ಯಾರಿಗೆ?

ಮುಳಬಾಗಿಲು: ಇಬ್ರೂ ಪ್ರಶ್ನೆ ಓದಿದ್ರಾ? ಅವರದ್ದು ಚಪ್ಪಡಿ ಮನೆ. ಚಪ್ಪಡಿ ಕೂತಿರೋದೇ ಗೋಡೆಯಿಂದ ಗೋಡೆಗೆ. ಆಧಾರ ತಪ್ಪಿದ್ರೆ ಆರ್‌ಸಿಸಿ (ಕಂಬಿ ಹಾಕಿದ ಕಾಂಕ್ರೀಟ್) ಥರ ಬಗ್ಗಿ ಸೂಚನೆ ಕೊಡಲ್ಲ, ಒಂದೇ ಸಲ ಮುರಿಯುತ್ತೆ. ಇಬ್ಬರು ಕಾಂಟ್ರ್ಯಾಕ್ಟರ್‌ಗೂ ಒಂದೇ ಪ್ರಶ್ನೆ ಕೇಳಿ: ಗೋಡೆ ತೆಗೆದ್ರೆ ಕಲ್ಲು ಯಾವುದರ ಮೇಲೆ ಕೂರುತ್ತೆ? ‘ಏನೂ ಆಗಲ್ಲ ಬಿಡಿ ಸಾರ್’ ಅಂದವರಿಗೆ ಅಡ್ವಾನ್ಸ್ ಕೊಡ್ಬೇಡಿ. ಗೋಡೆಯ ಎರಡೂ ಕಡೆ ಚಪ್ಪಡಿಗೆ ಆಧಾರವಾಗಿ ಜಾಕಿ ನಿಲ್ಲಿಸ್ಬೇಕು, ಐ ಸೆಕ್ಷನ್ (ಉಕ್ಕಿನ ತೊಲೆ) ಕೂರಿಸ್ಬೇಕು, ಅದರ ಸೈಜ್ ಇಂಜಿನಿಯರ್ ಹೇಳ್ಬೇಕು. ತುದಿಗಳ ಕೆಳಗೆ ಕಾಂಕ್ರೀಟ್ ಬೆಡ್ ಇಲ್ದಿದ್ರೆ ಮಣ್ಣುಗಾರೆ ಗೋಡೆ ಕುಸಿಯುತ್ತೆ.

ಸೋರೋದಕ್ಕೆ ಮೂರಿಂಚು ಕಾಂಕ್ರೀಟ್ ಹಾಕ್ತೀನಿ ಅಂತಾರೆ, ಒಪ್ಪಬೇಡಿ. ಚದರಕ್ಕೆ ಸುಮಾರು 1.7 ಟನ್ ಭಾರ ಅದು. ಸೋರೋದು ಕಲ್ಲಲ್ಲ, ಸಂದು. ಸಂದಿನ ಹಳೇ ಗಾರೆ ಒಂದೂವರೆ ಇಂಚು ಕೆದಕಿ, ವೈರ್ ಬ್ರಶ್‌ನಲ್ಲಿ ಉಜ್ಜಿ, ನೆನೆಸಿ, ಒಣಗಿದ್ರೂ ಕುಗ್ಗದ ಗ್ರೌಟ್ (ಸಂದು ತುಂಬೋ ಗಾರೆ) ತುಂಬಿ. ಮೇಲೆ ಕೋಟಿಂಗ್.

ಶಿಡ್ಲಘಟ್ಟ (ಮೇಸ್ತ್ರಿ): ಐ ಸೆಕ್ಷನ್ ಬೇಕು ಅಂತ ನಾವು ಹೇಳಿದ್ರೆ ‘ರೇಟ್ ಏರಿಸೋ ಪ್ಲಾನ್’ ಅಂತೀರಿ. ಅರ್ಧ ಟೈಲ್ಸ್ ಕೂರಿಸಿದ ಮೇಲೆ ಕಲರ್ ಇಷ್ಟ ಇಲ್ಲ ಅಂತೀರಿ, ಕಿತ್ತ ಕೂಲಿ ಮಾತ್ರ ಕೊಡಲ್ಲ.

ಕ್ಯಾತ್ಸಂದ್ರ: ಬಿಲ್ ಕೊಡದೆ 18 ಪರ್ಸೆಂಟ್ ಜಿಎಸ್‌ಟಿ ಕೇಳೋರೂ ನೀವೇ ತಾನೆ? ನೋಂದಣಿ ಇಲ್ದೋರು ಅದನ್ನ ವಸೂಲಿ ಮಾಡೋ ಹಾಗೇ ಇಲ್ಲ. ಕೊನೇ ಹತ್ತು ಪರ್ಸೆಂಟ್ ದುಡ್ಡು ಒಂದು ಮಳೆಗಾಲ ಕಳೆಯೋವರೆಗೂ ಹಿಡ್ಕೊಳ್ಳಿ ಕೋಲಾರದೋರೆ.

ಶಿಡ್ಲಘಟ್ಟ (ಮೇಸ್ತ್ರಿ): ಹಿಡ್ಕೊಳ್ಳಿ, ಅಲ್ಲೀವರೆಗೂ ನಮ್ ಆಳುಗಳ ಕೂಲಿ ನಿಮ್ಮನೇಯಿಂದ ಬರುತ್ತಾ?

ಚಿಂತಾಮಣಿ: ಸೋರದಂಗೆ ಮಾಡಿ, ತಗೊಂಡೋಗಿ.

ಶಿಡ್ಲಘಟ್ಟ (ಮೇಸ್ತ್ರಿ): ನಾವು ಕೋಟಿಂಗ್ ಮುಗಿಸಿ ಹೋದ ಮಾರನೇ ವಾರ ಸೋಲಾರ್‌ನೋರನ್ನ ಕರೆಸಿ, ಸ್ಟ್ಯಾಂಡಿಗೆ ಡ್ರಿಲ್ ಹೊಡೆಸೋರು ಯಾರಣ್ಣ?