ಶಾಲೆ ಎದುರು ರಸ್ತೆ ದಾಟೋ ಜಾಗ ಸರಿ ಮಾಡಿಸೋಕೆ ದುಡ್ಡು ಎಲ್ಲಿಂದ? ಮಾಡಿಸಿದವರು ಅನುಭವ ಹೇಳಿ

ಮೂಲೆಮನೆ:
ಬೆಂಗಳೂರು. ಬಡಾವಣೆಯ ಸರ್ಕಾರಿ ಶಾಲೆ ಮುಂದೆ 9 ಮೀಟರ್ ಡಾಂಬರು ರಸ್ತೆ, ಡಿವೈಡರ್ ಇಲ್ಲ, ಎದುರುಗಡೆ ಬಸ್ ಸ್ಟಾಪ್. ಝೀಬ್ರಾ ಗೆರೆ ಅಳಿಸಿ ಯಾವ ಕಾಲವಾಯ್ತೋ. ಫುಟ್‌ಪಾತ್ ಮಟ್ಟಕ್ಕೆ ಎತ್ತರಿಸಿದ ಕ್ರಾಸಿಂಗ್, ಎರಡೂ ಕಡೆ ಬೋರ್ಡು, ಒಂದು ದೀಪ ಬೇಕು. ಎಂಜಿನಿಯರ್ರು "ಈ ವರ್ಷ ಹೆಡ್ಡಲ್ಲಿ ದುಡ್ಡಿಲ್ಲ" ಅಂದ್ರು, ಅಂದ್ರೆ ಬಜೆಟ್‌ನ ಆ ಬಾಬ್ತು ಖಾಲಿ. ಶಾಸಕರ ನಿಧಿಯೋ, ಕಂಪನಿಯವರ ಸಿಎಸ್‌ಆರ್ರೋ (ಲಾಭದಲ್ಲಿ ಸಮಾಜದ ಕೆಲಸಕ್ಕೆ ಅಂತ ಕೊಡೋ ಹಣ), ನಾವೇ ಚಂದಾ ಎತ್ತೋದೋ? ದಾರಿ ಕಂಡವರು ಹೇಳಿ.

ಅಡ್ಡರಸ್ತೆ ಅಣ್ಣ:
ಶಾಸಕರ ನಿಧಿ. ಬೇರೆ ಯೋಚನೆನೇ ಬೇಡ. ಕ್ಷೇತ್ರಕ್ಕೆ ವರ್ಷಕ್ಕೆ 2 ಕೋಟಿ, ನಿಮಗೆ ಬೇಕಿರೋದು ಅದರಲ್ಲಿ ಚಿಲ್ಲರೆ. ಆ ಹಣ ಇರೋದು ಜಿಲ್ಲಾಧಿಕಾರಿ ಹತ್ರ. ಶಾಸಕರ ಶಿಫಾರಸು ಪತ್ರ ಡಿಸಿ ಕಚೇರಿಗೆ ಹೋಗ್ಬೇಕು, ಅಲ್ಲಿಂದ ಅನುಷ್ಠಾನ ಮಾಡೋ ಸಂಸ್ಥೆಗೆ ಅಂದಾಜು ಪಟ್ಟಿ ಕೇಳ್ತಾರೆ, ಪಟ್ಟಿ ಬಂದ ಮೇಲೆ ಆಡಳಿತಾತ್ಮಕ ಮಂಜೂರಾತಿ, ಆಮೇಲೆ ಕಂತು. ಪತ್ರ ಕೊಟ್ಟು "ಆಯ್ತು" ಅಂತ ಕೂತ್ರೆ ಅದು ಎರಡು ಕಚೇರಿ ಮಧ್ಯೆ ಮಲಗುತ್ತೆ.

ನಮ್ಮಲ್ಲಿ ಕೆಟ್ಟಿದ್ದು ಕಾಮಗಾರಿಯ ಹೆಸರಿಂದ. ಪತ್ರದಲ್ಲಿ "ಶಾಲೆ ಮುಂಭಾಗದ ರಸ್ತೆ ಅಭಿವೃದ್ಧಿ" ಅಂತಿತ್ತು. ಮಂಜೂರಾದ 5 ಲಕ್ಷ ಡಾಂಬರಿಗೆ ಹೋಯ್ತು. ಲೆಕ್ಕ ನೋಡಿ: 18% ಜಿಎಸ್‌ಟಿ ಸೇರಿ 5 ಲಕ್ಷ ಅಂದ್ರೆ ಕೆಲಸ ಆಗೋದು ಸುಮಾರು 4.24 ಲಕ್ಷದ್ದು, ಅದರಲ್ಲಿ ಮತ್ತೆ 1% ಕಾರ್ಮಿಕ ಸೆಸ್. ಪಟ್ಟಿಯ ಕೊನೇ ಐಟಂಗಳು ಯಾವಾಗಲೂ ಗೆರೆ, ಬೋರ್ಡು, ಬೊಲ್ಲಾರ್ಡು (ಗಾಡಿ ತಡೆಯೋ ಗಿಡ್ಡ ಕಂಬ). ಮೊತ್ತ ಹೊಂದಿಸೋವಾಗ ಕತ್ತರಿ ಬೀಳೋದು ಕೆಳಗಿನಿಂದ. ಹಳೇ ಡಾಂಬರು ಕೆರೆಯದೆ ಮೇಲೆ 40 ಮಿ.ಮೀ. ಪದರ ಹಾಕಿದ್ರು, 150 ಮಿ.ಮೀ. ಎತ್ತರ ಇದ್ದ ಕರ್ಬ್ (ಫುಟ್‌ಪಾತ್ ಅಂಚಿನ ಕಲ್ಲು) 110ಕ್ಕೆ ಇಳೀತು, ಬೈಕಿನವರಿಗೆ ಫುಟ್‌ಪಾತ್ ಹತ್ತೋದು ಸಲೀಸು. ರಸ್ತೆ ನುಣ್ಣಗಾಗಿದ್ದಕ್ಕೆ ವೇಗ ಬೇರೆ ಜಾಸ್ತಿ. ಗೆರೆ ಮಾತ್ರ ಬರಲಿಲ್ಲ.

ಹೆಸರು ಹೀಗೆ ಬರೆಸಿ: "ಶಾಲೆ ಮುಂಭಾಗ ಎತ್ತರಿಸಿದ ಪಾದಚಾರಿ ಕ್ರಾಸಿಂಗ್ ನಿರ್ಮಾಣ, ಮಾರ್ಕಿಂಗ್ ಮತ್ತು ಸೂಚನಾ ಫಲಕ ಸಹಿತ." "ಅಭಿವೃದ್ಧಿ" ಅನ್ನೋ ಪದ ಎಲ್ಲೂ ಬೇಡ.

ಬ್ಯಾಲೆನ್ಸ್‌ಶೀಟ್ ಬಾಬು:
ಅಣ್ಣ ತಾವೇ ಹೇಳಿದ್ರು, ಶಾಸಕರ ನಿಧಿಲಿ ಏನಾಗುತ್ತೆ ಅಂತ. ಸಿಎಸ್‌ಆರ್‌ನಲ್ಲಿ ಆ ಕತ್ತರಿ ಇಲ್ಲ, ಯಾಕಂದ್ರೆ ಕಂಪನಿಗೆ ಫೋಟೋ ಬೇಕು, ಫೋಟೋದಲ್ಲಿ ಕಾಣೋದು ಗೆರೆ ಮತ್ತು ಬೋರ್ಡೇ.

ಹೋಗೋ ಮೊದಲು ಕಂಪನಿ ಕಾಯ್ದೆ 135ನೇ ಕಲಂ ತಿಳ್ಕೊಂಡು ಹೋಗಿ: ಹಿಂದಿನ ಮೂರು ವರ್ಷದ ಸರಾಸರಿ ಲಾಭದ 2% ಸಿಎಸ್‌ಆರ್‌ಗೆ. ನಿಮ್ಮ ನಿವಾಸಿಗಳ ಸಂಘಕ್ಕೆ ಸಿಎಸ್‌ಆರ್-1 ನೋಂದಣಿ (ಸಿಎಸ್‌ಆರ್ ಹಣ ಪಡೆಯೋ ಸಂಸ್ಥೆಗಳು ಮಾಡಿಸಬೇಕಾದ್ದು) ಇಲ್ಲದಿದ್ರೆ ಅದಕ್ಕೆ ದುಡ್ಡು ಬರಲ್ಲ, ನೋಂದಾಯಿತ ಟ್ರಸ್ಟ್ ಮೂಲಕ ಬರಬೇಕು. ಕಂಪನಿ, ಪಾಲಿಕೆ, ಟ್ರಸ್ಟ್ ಮೂವರ ಒಡಂಬಡಿಕೆ ಬೇಕು. ನಮ್ಮಲ್ಲಿ ಎಡವಿದ್ದು ತೆರಿಗೆಯಲ್ಲಿ. 2023ರ ಅಕ್ಟೋಬರ್ 1ರಿಂದ ಸಿಎಸ್‌ಆರ್ ಖರ್ಚಿನ ಜಿಎಸ್‌ಟಿಗೆ ಇನ್‌ಪುಟ್ ಕ್ರೆಡಿಟ್ ಇಲ್ಲ, ಅಂದ್ರೆ ಆ ತೆರಿಗೆಯನ್ನ ಕಂಪನಿ ತನ್ನ ತೆರಿಗೆಯಲ್ಲಿ ಕಳೆದುಕೊಳ್ಳೋ ಹಾಗಿಲ್ಲ. ಕಂಪನಿ 6 ಲಕ್ಷ ಅಂದಿದ್ದು ತೆರಿಗೆ ಸೇರಿಸಿ, ಗುತ್ತಿಗೆದಾರ 6 ಲಕ್ಷ ಅಂದಿದ್ದು ತೆರಿಗೆ ಬಿಟ್ಟು. 1.08 ಲಕ್ಷದ ಕಂದಕ. ಕೊನೆಗೆ ದೀಪದ ಕಂಬ ಕೈಬಿಟ್ಟು ಅದನ್ನ ಮುಚ್ಚಿದ್ವಿ.

ಇನ್ನೊಂದು: ಕಂಪನಿಯವರು ಮಾರ್ಚ್ 31ರೊಳಗೆ ಖರ್ಚು ತೋರಿಸಬೇಕು. ಜನವರಿಯಲ್ಲಿ ಓಡೋಡಿ ಬರ್ತಾರೆ, ಏಪ್ರಿಲ್‌ನಲ್ಲಿ ಫೋನೇ ಎತ್ತಲ್ಲ. ಎರಡನೇ ವರ್ಷದ ಬಣ್ಣ ಯಾರು ಬಳಿಯೋದು ಅಂತ ಒಡಂಬಡಿಕೆಯಲ್ಲೇ ಬರೆಸಿ. "ಮುಂದುವರಿಯುವ ಯೋಜನೆ" ಅಂತ ತೋರಿಸಿದ್ರೆ, ಶುರುವಾದ ವರ್ಷ ಬಿಟ್ಟು ಇನ್ನೂ ಮೂರು ವರ್ಷದವರೆಗೆ ಹಣ ಎತ್ತಿಡೋಕೆ ನಿಯಮದಲ್ಲಿ ಅವಕಾಶ ಇದೆ. ಇದನ್ನ ಅವರಾಗಿ ಹೇಳಲ್ಲ.

ಅಡ್ಡರಸ್ತೆ ಅಣ್ಣ:
ದೀಪ ಬಿಟ್ಟು ಫೋಟೋ ತೆಗೆಸಿಕೊಂಡ್ರಾ? ಸಂಜೆ ಏಳು ಗಂಟೆಗೆ ನಿಮ್ಮ ಕ್ರಾಸಿಂಗ್ ಕಾಣುತ್ತಾ ಬಾಬು ಅವರೇ?

ಬ್ಯಾಲೆನ್ಸ್‌ಶೀಟ್ ಬಾಬು:
ಗೆರೆನಾದ್ರೂ ಇದೆ ಸ್ವಾಮಿ. ನಿಮ್ಮಲ್ಲಿ ಅದೂ ಇಲ್ಲ.

ಕೆಟಲ್ ಸ್ವಾಮಿ:
ಇಬ್ಬರೂ ದುಡ್ಡಿನ ಮೂಲ ಹೇಳ್ತೀರಿ, ಪ್ರಮಾಣ ಯಾರೂ ಹೇಳಲ್ಲ. ಮಾರ್ಕಿಂಗ್ ಗುತ್ತಿಗೆ ನನ್ನದು. 9 ಮೀಟರ್ ರಸ್ತೆಗೆ 3 ಮೀಟರ್ ಅಗಲದ ಝೀಬ್ರಾ, ಪಟ್ಟಿ 500 ಮಿ.ಮೀ., ಸಂದು 500 ಅಂದ್ರೆ 9 ಪಟ್ಟಿ, 13.5 ಚದರ ಮೀಟರ್. ಎರಡು ಸ್ಟಾಪ್ ಲೈನ್ ಸೇರಿಸಿ 15ರಿಂದ 16. ಥರ್ಮೋಪ್ಲಾಸ್ಟಿಕ್ (ಕಾಯಿಸಿ ಕರಗಿಸಿ ಹಾಕೋ ರಸ್ತೆ ಬಣ್ಣ) 2.5 ಮಿ.ಮೀ. ದಪ್ಪಕ್ಕೆ ಚದರ ಮೀಟರ್‌ಗೆ ಹೆಚ್ಚುಕಡಿಮೆ 5 ಕಿಲೋ. ಅಂದ್ರೆ ನಿಮ್ಮ ಇಡೀ ಕೆಲಸ 80 ಕಿಲೋ. 25 ಕಿಲೋ ಚೀಲದಲ್ಲಿ ಮೂರೂ ಚಿಲ್ಲರೆ. ಇಷ್ಟಕ್ಕೆ ಬಣ್ಣ ಕರಗಿಸೋ ಕೆಟಲ್ ಗಾಡಿ, ಗ್ಯಾಸ್ ಸಿಲಿಂಡರ್, ಐದು ಜನ, ರಾತ್ರಿ ಪೊಲೀಸ್ ಅನುಮತಿ ಯಾರು ಮಾಡ್ತಾರೆ? ಎಸ್‌ಆರ್ ದರದಲ್ಲಿ (ಸರ್ಕಾರದ ದರಪಟ್ಟಿ) ಡೀಸೆಲ್ ಕೂಡ ಹುಟ್ಟಲ್ಲ. ಅದಕ್ಕೇ ಟೆಂಡರ್‌ಗೆ ಯಾರೂ ಬರಲ್ಲ, ನೀವು "ಹೆಡ್ಡಲ್ಲಿ ದುಡ್ಡಿಲ್ಲ" ಅಂತ ಕೇಳಿಸಿಕೊಳ್ತೀರಿ. ಸುತ್ತಲಿನ ಎಂಟು ಹತ್ತು ಕ್ರಾಸಿಂಗ್ ಒಟ್ಟು ಮಾಡಿ ಒಂದೇ ಪ್ಯಾಕೇಜ್ ಕೇಳಿ, ದರ ತಾನಾಗೇ ಇಳಿಯುತ್ತೆ.

ಬಿಲ್ಲಿಗೆ ಮುಂಚೆ ನೋಡಬೇಕಾದ್ದು: ಗಾಜಿನ ಮಣಿ ಚದರ ಮೀಟರ್‌ಗೆ 250 ಗ್ರಾಂ ಮೇಲಿನಿಂದ ಉದುರಿಸಿರಬೇಕು. ಮೊಬೈಲ್ ಟಾರ್ಚನ್ನು ಕಣ್ಣಿನ ಪಕ್ಕ ಹಿಡಿದು ನೋಡಿ, ಮಿಂಚದಿದ್ರೆ ಮಣಿ ಬಿದ್ದಿಲ್ಲ. ದಪ್ಪ ಅಳೆಯೋಕೆ ಬಳಿಯೋವಾಗಲೇ ತಗಡಿನ ತುಂಡು ಅಡ್ಡ ಇಟ್ಟು ತೆಗೆಸಿ, ಕ್ಯಾಲಿಪರ್ ಹಾಕಿ. ಕಾಂಕ್ರೀಟ್ ಮೇಲೆ ಅಥವಾ ಸವೆದು ಕಲ್ಲು ಕಾಣೋ ಹಳೇ ಡಾಂಬರಿನ ಮೇಲೆ ಪ್ರೈಮರ್ ಇಲ್ಲದೆ ಹಾಕಿದ್ರೆ ಹಪ್ಪಳದ ಹಾಗೆ ಏಳುತ್ತೆ. ಮಳೆ ನಿಂತ ಮಾರನೇ ಬೆಳಗ್ಗೆ ಹಾಕಿದ್ರೂ ಅಷ್ಟೇ, ಡಾಂಬರಿನೊಳಗಿನ ತೇವ ಗುಳ್ಳೆಯಾಗಿ ಹೊರಗೆ ಬರುತ್ತೆ. ಬಾಬು ಅವರ ಮಾರ್ಚ್ ಗಡಿಬಿಡಿ ಒಂದು ರೀತಿಯಲ್ಲಿ ಒಳ್ಳೇದೇ, ರಸ್ತೆ ಒಣಗಿರುತ್ತೆ.

ಗುಡಿಕಟ್ಟಿ:
ಬೆಂಗ್ಳೂರಿನವ್ರು ಪುಣ್ಯವಂತರು ಬಿಡ್ರಿ, ರಸ್ತಿ ಯಾರದು ಅಂತನಾದ್ರೂ ಗೊತ್ತೈತಿ. ನಮ್ಮ ಊರಾಗ ರಾಜ್ಯ ಹೆದ್ದಾರಿ ನಟ್ಟನಡುವ ಹೊಕ್ಕೈತಿ. ಪಂಚಾಯ್ತಿಗೆ 15ನೇ ಹಣಕಾಸು ಆಯೋಗದ (2021–26) ರೊಕ್ಕ ಬರ್ತಿತ್ತು. ಅದರಾಗ 60% ನೀರು, ನೈರ್ಮಲ್ಯಕ್ಕ ಕಟ್ಟಿಟ್ಟದ್ದು. ಉಳಿದ 40% ಊರಿನ ಅಗತ್ಯಕ್ಕ ಬಳಸಬಹುದು ಅಂತ ಐತಿ. ಕ್ರಿಯಾ ಯೋಜನಾದಾಗ ಸೇರಿಸಿದ್ವಿ. ಆಡಿಟ್‌ನವ್ರು "ಹೆದ್ದಾರಿ ಪಂಚಾಯ್ತಿ ಆಸ್ತಿ ಅಲ್ಲ, ಬ್ಯಾರೇಯವರ ಆಸ್ತಿ ಮ್ಯಾಲ ಖರ್ಚು ಮಾಡೂದು ಹ್ಯಾಂಗ" ಅಂತ ಆಕ್ಷೇಪ ಬರದ್ರು.

ದಾರಿ ಸಿಕ್ಕಿದ್ದು ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯಾಗ. ಡಿಸಿ ಅಧ್ಯಕ್ಷರು, ಪೊಲೀಸರು, ಲೋಕೋಪಯೋಗಿ, ಆರ್‌ಟಿಒ ಎಲ್ಲಾರೂ ಒಂದ ಮೇಜಿನ ಸುತ್ತ ಕುಂದರ್ತಾರ. ಕೇಂದ್ರದ ಲೆಕ್ಕದಾಗ ಹೆದ್ದಾರಿ ಮ್ಯಾಲ 500 ಮೀಟರ್ ಉದ್ದದಾಗ ಮೂರು ವರ್ಷಕ್ಕ ಸಾವು ಇಲ್ಲಾ ತೀವ್ರ ಗಾಯದ 5 ಅಪಘಾತ, ಅಥವಾ 10 ಸಾವು ಆಗಿದ್ರ ಅದು ಬ್ಲ್ಯಾಕ್ ಸ್ಪಾಟ್. ಎಫ್‌ಐಆರ್ ಪ್ರತಿ ತಗದು, ಕಿಲೋಮೀಟರ್ ಕಲ್ಲಿನ ನಂಬರ್ ಹಾಕಿ ಸಮಿತಿಗೆ ಕೊಡ್ರಿ. "ಊರ ಹತ್ರ" ಅಂತ ಬರದ ಎಫ್‌ಐಆರ್ ಲೆಕ್ಕಕ್ಕ ಬರಂಗಿಲ್ಲ. ಅಪಘಾತ ಆದಾಗ ಠಾಣೆಯಾಗ ಜಾಗ ಸರಿಯಾಗಿ ಬರಸೂದ ದೊಡ್ಡ ಕೆಲಸ.

ಮೇಲ್ಸೇತುವೆ ಪ್ರಿಯ:
ಇಷ್ಟೆಲ್ಲ ಯಾಕೆ? ಸ್ಕೈವಾಕ್ ಕೇಳಿ. ಜಾಹೀರಾತು ಹಕ್ಕು ಕೊಟ್ರೆ ಖಾಸಗಿಯವರೇ ಲಿಫ್ಟ್ ಸಮೇತ ಕಟ್ತಾರೆ. ಸರ್ಕಾರಕ್ಕೆ ಒಂದು ಪೈಸೆ ಖರ್ಚಿಲ್ಲ.

ಕೆಟಲ್ ಸ್ವಾಮಿ:
9 ಮೀಟರ್ ರಸ್ತೆಗೆ ಸ್ಕೈವಾಕಾ? ಬಸ್, ಲಾರಿ ಹೋಗೋ ರಸ್ತೆ ಅಂದ್ರೆ ಕೆಳಗೆ 5.5 ಮೀಟರ್ ಖಾಲಿ ಬಿಡಬೇಕು. 150 ಮಿ.ಮೀ. ಮೆಟ್ಟಿಲಾದ್ರೆ ಆ ಕಡೆ 40 ಹತ್ತಿ ಈ ಕಡೆ 40 ಇಳೀಬೇಕು. ಕೆಳಗೆ ನಡೆದ್ರೆ ಸೆಕೆಂಡಿಗೆ 1.2 ಮೀಟರ್ ಲೆಕ್ಕದಲ್ಲಿ ಎಂಟು ಸೆಕೆಂಡಿನ ದಾರಿ. ಯಾವ ಮಗು ಹತ್ತುತ್ತೆ? ಖಾಸಗಿಯವರು ಕಟ್ಟೋದು ಜಾಹೀರಾತು ಕಾಣೋ ಜಾಗದಲ್ಲಿ, ಜನ ದಾಟೋ ಜಾಗದಲ್ಲಿ ಅಲ್ಲ. ಅದರ ಕಾಲುಗಳು ನಿಲ್ಲೋದೂ ಫುಟ್‌ಪಾತ್ ಮೇಲೇ.

ಮೇಲ್ಸೇತುವೆ ಪ್ರಿಯ:
ನಿಮಗೆ ಬಣ್ಣ ಮಾರೋ ವ್ಯಾಪಾರ, ಅದಕ್ಕೆ ಹೀಗೆ ಮಾತಾಡ್ತೀರಿ. ಆರು ಲೇನ್ ರಸ್ತೆಯಲ್ಲಿ ನಿಮ್ಮ ಗೆರೆ ನೋಡಿ ಯಾರು ನಿಲ್ತಾರೆ?

ಕೆಟಲ್ ಸ್ವಾಮಿ:
ಕೇಳಿದವರದ್ದು ಆರು ಲೇನಾ? ಪ್ರಶ್ನೆ ಓದಿ ಸ್ವಾಮಿ.

ಥೇಮ್ಸ್ ದಂಡೆ:
ಇಲ್ಲಿ ಇಂಗ್ಲೆಂಡಿನಲ್ಲಿ 1990ರ ಯೋಜನಾ ಕಾಯ್ದೆಯ 106ನೇ ಕಲಮಿನ ಪ್ರಕಾರ ದೊಡ್ಡ ಕಟ್ಟಡ ಕಟ್ಟೋ ಬಿಲ್ಡರ್ ಜೊತೆ ಒಪ್ಪಂದ ಮಾಡಿಕೊಂಡು ಕ್ರಾಸಿಂಗ್ ಹಣ ಅವನಿಂದಲೇ ವಸೂಲು ಮಾಡ್ತಾರೆ. ಝೀಬ್ರಾದ ಎರಡೂ ಬದಿ ಮಿನುಗೋ ಹಳದಿ ಗೋಳ, ಹತ್ತಿರ ಯಾರೂ ಗಾಡಿ ನಿಲ್ಲಿಸದ ಹಾಗೆ ಝಿಗ್‌ಝ್ಯಾಗ್ ಗೆರೆ. ನಮ್ಮಲ್ಲಿ ಯಾಕೆ ಮಾಡಬಾರದು?

ಅಡ್ಡರಸ್ತೆ ಅಣ್ಣ:
ಬಂದ್ರಪ್ಪ ಲಂಡನ್ ದೊರೆಗಳು. ಇಲ್ಲೂ ನಕ್ಷೆ ಮಂಜೂರಾತಿಗೆ ಸುಧಾರಣಾ ಶುಲ್ಕ ಕಟ್ಟಿಸಿಕೊಳ್ತಾರೆ. ಅದು ಸಾಮಾನ್ಯ ಖಾತೆಗೆ ಬೀಳುತ್ತೆ, ನಿಮ್ಮ ರಸ್ತೆಗೇ ಅಂತ ಬರೋ ಹಣ ಅಲ್ಲ.

ಥೇಮ್ಸ್ ದಂಡೆ:
ಅದನ್ನೇ ನಾನು ಹೇಳಿದ್ದು. ವ್ಯಂಗ್ಯ ಯಾಕೆ?

ಚಂದಾ ಚೀಟಿ:
ನಾವು ಚಂದಾ ಎತ್ತಿದ್ವಿ, ಇವತ್ತಿಗೂ ಹೆಮ್ಮೆ ಇದೆ. ಮನೆಗೆ 1,500, ಒಟ್ಟು 2.1 ಲಕ್ಷ. ಆದ್ರೆ ಮೇಸ್ತ್ರಿ ಕರೆದು ಹಂಪ್ ಹಾಕಿಸಬೇಡಿ. ಅನುಮತಿ ಇಲ್ಲದ ಹಂಪ್‌ನಿಂದ ಯಾರಾದ್ರೂ ಬಿದ್ರೆ ಕೇಸು ಬೀಳೋದು ಹಂಪ್ ಹಾಕಿಸಿದವರ ಮೇಲೇ. "ಠೇವಣಿ ವಂತಿಗೆ ಕಾಮಗಾರಿ" ಅಂತ ಕೇಳಿ: ಹಣ ನೀವು ರಸ್ತೆ ನೋಡಿಕೊಳ್ಳೋ ಸಂಸ್ಥೆಗೆ ಕಟ್ತೀರಿ, ಅಂದಾಜು, ಟೆಂಡರ್, ಅಳತೆ ಪುಸ್ತಕ ಎಲ್ಲ ಅವರದ್ದು. ಆಸ್ತಿ ಅವರ ದಾಖಲೆಗೆ ಸೇರುತ್ತೆ, ಗುತ್ತಿಗೆದಾರನ ದೋಷ ಹೊಣೆ ಅವಧಿಯೂ ನಡೆಯುತ್ತೆ. ರಸೀದಿಯಲ್ಲಿ ಕಾಮಗಾರಿ ಹೆಸರು ಬರೆಸಿ, ಇಲ್ಲಾಂದ್ರೆ ಹಣ ಇತರೆ ಜಮಾಕ್ಕೆ ಹೋಗಿ ಸೇರುತ್ತೆ. ಸಂಸ್ಥೆಯ ಮೇಲ್ವಿಚಾರಣಾ ಶುಲ್ಕ ಬೇರೆ ಇರುತ್ತೆ, ಚಂದಾ ಎತ್ತೋ ಮೊದಲೇ ಶೇಕಡಾ ಎಷ್ಟು ಅಂತ ಕೇಳಿಕೊಳ್ಳಿ. ನಮ್ಮಲ್ಲಿ ಆಮೇಲೆ ಗೊತ್ತಾಗಿ, ಮತ್ತೆ ಮನೆ ಮನೆ ಬಾಗಿಲು ತಟ್ಟೋ ಹೊತ್ತಿಗೆ ಅರ್ಧ ಜನ ಮುಖ ತಿರುಗಿಸಿದ್ರು.

ಅಡ್ಡರಸ್ತೆ ಅಣ್ಣ:
ಆಸ್ತಿ ತೆರಿಗೆ ಕಟ್ಟಿ ಮತ್ತೆ ಚಂದಾನೂ ಕೊಡೋದಾ? ನಿಮ್ಮಂಥವರಿಂದಲೇ ಕಚೇರಿಯವರು "ಸಂಘದವರೇ ಮಾಡಿಸಿಕೊಳ್ಳಲಿ" ಅನ್ನೋದು. ಮನೆಗೆ 1,500 ಕೊಡೋಕಾಗದ ಬಡಾವಣೆ ಮಕ್ಕಳು ಏನು ಮಾಡ್ಬೇಕು?

ಚಂದಾ ಚೀಟಿ:
ನಿಮ್ಮ ಸಿದ್ಧಾಂತ ಸರಿ. ನಮ್ಮ ಕ್ರಾಸಿಂಗ್ ಕಣ್ಣೆದುರು ಇದೆ.

ಮೂಲೆಮನೆ:
ಎಲ್ಲರಿಗೂ ಧನ್ಯವಾದ. ಆದ್ರೆ ನಮ್ಮದು ಬಸ್ ರಸ್ತೆ, ಚರಂಡಿನೂ ಪಕ್ಕದಲ್ಲೇ. ಎತ್ತರಿಸಿದ್ರೆ ನೀರು ನಿಲ್ಲುತ್ತೆ ಅಂತ ಎಂಜಿನಿಯರ್ರು ಹೆದರಿಸ್ತಿದ್ದಾರೆ. ನಿಜವಾ?

ಕೆಟಲ್ ಸ್ವಾಮಿ:
ಹೆದರಿಸ್ತಿಲ್ಲ, ನಿಜ. ಆದ್ರೆ ಪರಿಹಾರ ಇದೆ. 150 ಮಿ.ಮೀ. ಎತ್ತರ, ಮೇಲೆ 4 ಮೀಟರ್ ಸಮತಟ್ಟು, ಎರಡೂ ಕಡೆ 1.5 ಮೀಟರ್ ಇಳಿಜಾರು. 9 ಮೀಟರ್ ಅಗಲಕ್ಕೆ 7.4 ಘನ ಮೀಟರ್ ಕಾಂಕ್ರೀಟ್, ಒಂದಕ್ಕಿಂತ ಹೆಚ್ಚು ಟ್ರಾನ್ಸಿಟ್ ಮಿಕ್ಸರ್ ಲಾರಿ. ಬಸ್ ರಸ್ತೆ ಅಂದ್ರೆ ಎತ್ತರ 100ಕ್ಕೆ ಇಳಿಸಿ, ಇಳಿಜಾರು ಉದ್ದ ಮಾಡಿ. ಅಂಚಿನಲ್ಲಿ ಫುಟ್‌ಪಾತ್ ಇಳಿಜಾರು 1:12 ಮೀರಬಾರದು. ಕರ್ಬ್ ಪಕ್ಕ 300 ಮಿ.ಮೀ. ಸಂದು ಬಿಟ್ಟು ಮೇಲೆ ಗ್ರೇಟಿಂಗ್ (ಕಬ್ಬಿಣದ ಕಂಬಿ ಜಾಲರಿ) ಹಾಕಿ, ನೀರು ಹಳೇ ದಾರಿಲೇ ಹೋಗುತ್ತೆ. ಗ್ರೇಟಿಂಗ್ ಕಂಬಿಗಳು ಜನ ನಡೆಯೋ ದಿಕ್ಕಿಗೆ ಅಡ್ಡ ಇರಲಿ, ಇಲ್ಲಾಂದ್ರೆ ಗಾಲಿಕುರ್ಚಿ ಚಕ್ರ ಸಿಕ್ಕಿಕೊಳ್ಳುತ್ತೆ. ಇಂಟರ್‌ಲಾಕ್ ಬ್ಲಾಕ್ ಬೇಡ. ಬಸ್ ಬ್ರೇಕ್ ಹಾಕೋ ಜಾಗದಲ್ಲಿ ಅಂಚಿನ ಕಾಂಕ್ರೀಟ್ ಬೀಮ್ ಇಲ್ಲದೆ ಹಾಕಿದ್ರೆ ಬ್ಲಾಕು ಒಂದೊಂದಾಗಿ ಎದ್ದು ಬರುತ್ತೆ.

ಬಸ್ ಸ್ಟಾಪ್ ಕ್ರಾಸಿಂಗ್ ದಾಟಿದ ಮೇಲೆ ಇರ್ಬೇಕು, ಮೊದಲು ಇದ್ರೆ ನಿಂತ ಬಸ್ಸಿನ ಮರೆಯಿಂದ ಮಗು ಹೊರಗೆ ಓಡುತ್ತೆ. ಕಂಬ ಸರಿಸೋಕೆ ದುಡ್ಡೇ ಬೇಡ, ಒಂದು ಪತ್ರ ಸಾಕು. ದೀಪದ ಕಂಬ ಗಾಡಿ ಬರೋ ಕಡೆ, ಕ್ರಾಸಿಂಗ್‌ಗಿಂತ ಸ್ವಲ್ಪ ಮುಂಚೆ. ಅಲ್ಲಿಂದ ಬೆಳಕು ಬಿದ್ರೆ ಮುಖ ಕಾಣುತ್ತೆ, ಹಿಂದಿನಿಂದ ಬಿದ್ರೆ ಬರೀ ಕಪ್ಪು ನೆರಳು.

"ಅಲ್ಲಿ ಕ್ರಾಸಿಂಗ್ ಬೇಕಾಗಿಲ್ಲ" ಅಂದ್ರೆ ಐಆರ್‌ಸಿ 103ರ (ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಪಾದಚಾರಿ ಸೌಲಭ್ಯದ ಮಾರ್ಗಸೂಚಿ) ಲೆಕ್ಕ ಇಡಿ: ದಟ್ಟಣೆಯ ಗಂಟೆಯಲ್ಲಿ ದಾಟೋ ಜನರ ಸಂಖ್ಯೆಯನ್ನ ವಾಹನ ಸಂಖ್ಯೆಯ ವರ್ಗದಿಂದ (ಸಂಖ್ಯೆಯನ್ನ ಅದರಿಂದಲೇ ಗುಣಿಸಿದ್ದು) ಗುಣಿಸಿ. ಡಿವೈಡರ್ ಇಲ್ಲದ ರಸ್ತೆಯಲ್ಲಿ 10 ಕೋಟಿ ಮೀರಬೇಕು. 300 ಜನ, 600 ವಾಹನ ಇದ್ರೆ 10.8 ಕೋಟಿ. ಶಾಲೆ ಬಿಡೋ ಹೊತ್ತಿಗೆ ವಿಡಿಯೋ ಮಾಡಿ ಎಣಿಸಿ.

ಬ್ಯಾಲೆನ್ಸ್‌ಶೀಟ್ ಬಾಬು:
ಗ್ರೇಟಿಂಗ್ ಹಾಕಿ ಅಂತೀರಿ, ನಮ್ಮಲ್ಲಿ ಬೋಲ್ಟ್ ಬಿಚ್ಚಿ ಗುಜರಿಗೆ ಹಾಕಿದ್ರು.

ಕೆಟಲ್ ಸ್ವಾಮಿ:
ವೆಲ್ಡ್ ಹಾಕಿಸಿ.

ಚಂದಾ ಚೀಟಿ:
ವೆಲ್ಡ್ ಹಾಕಿದ್ರೆ ಹೂಳು ತೆಗೆಯೋದು ಹೇಗೆ? ಮೊದಲ ಮಳೆಗೇ ಕಟ್ಟಿಕೊಳ್ಳುತ್ತೆ. ಒಂದು ಕಡೆ ಹಿಂಜ್, ಇನ್ನೊಂದು ಕಡೆ ಬೀಗ.

ಅಡ್ಡರಸ್ತೆ ಅಣ್ಣ:
ಬೀಗದ ಕೈ ಯಾರ ಹತ್ರ ಇರುತ್ತೆ? ಚಂದಾ ಕೊಟ್ಟವರ ಹತ್ರಾನಾ?