ಸಹಾಯ ಬೇಕು: ಗಾಳಿ ತುಂಬುವ ಸ್ಲೀಪಿಂಗ್ ಪ್ಯಾಡ್ ಯಾವುದು ಬಾಳಿಕೆ ಬರುತ್ತದೆ?

ಎಲ್ಲರಿಗೂ ನಮಸ್ಕಾರ. ಟ್ರೆಕ್ಕಿಂಗ್‌ಗೆ ಹೊಸ ಸ್ಲೀಪಿಂಗ್ ಪ್ಯಾಡ್ ತಗೊಳ್ಳಬೇಕು. ಬಳಸಿ ಗೊತ್ತಿರುವವರು ದಯವಿಟ್ಟು ಹೇಳಿ.

ನಾನು ಮಗ್ಗುಲಾಗಿ ಮಲಗುವವನು. ಈಗಿರುವ ಪ್ಯಾಡ್ 5 ಸೆಂ.ಮೀ. ದಪ್ಪ. ಪೂರ್ತಿ ಗಾಳಿ ತುಂಬಿದರೆ ಹಲಗೆಯ ಹಾಗೆ ಗಟ್ಟಿ, ಸ್ವಲ್ಪ ಬಿಟ್ಟರೆ ಸೊಂಟದ ಮೂಳೆ ನೆಲಕ್ಕೆ ತಾಗುತ್ತದೆ. ಅದಕ್ಕೇ 7–8 ಸೆಂ.ಮೀ. ದಪ್ಪದ್ದು ನೋಡುತ್ತಿದ್ದೇನೆ. ಪ್ಯಾಡ್‌ನ ಅಂಚಿನ ಗಾಳಿ ಕೊಳವೆಗಳು ದಪ್ಪ ಇದ್ದರೆ ಹೊರಳುವಾಗ ಕೆಳಗೆ ಜಾರಲ್ಲ ಅಂತಾರೆ, ನಿಜವಾ?

ಬಾಳಿಕೆಯದ್ದೇ ದೊಡ್ಡ ಚಿಂತೆ. ತೂತಾದರೆ ಪರವಾಗಿಲ್ಲ, ಸೋಪಿನ ನೀರು ಸವರಿ, ಗುಳ್ಳೆ ಏಳುವ ಜಾಗ ಹುಡುಕಿ ಪ್ಯಾಚ್ ಹಾಕಬಹುದು. ಆದರೆ ನನ್ನ ಪ್ಯಾಡ್‌ನಲ್ಲಿ ಒಳಗಿನ ಅಂಟೇ ಬಿಟ್ಟಿದೆ. ಎರಡು ಕೊಳವೆ ಸೇರಿ ಒಂದಾಗಿ, ಬೆನ್ನಿನ ಕೆಳಗೆ ಸರಿಯಾಗಿ ಉಬ್ಬಿಕೊಂಡಿದೆ. ಇದಕ್ಕೆ ಮನೆಯಲ್ಲಿ ರಿಪೇರಿ ಇಲ್ಲ ಅಲ್ವಾ? ಬಿಸಿಲಲ್ಲಿ ಗಾಳಿ ತುಂಬಿಯೇ ಬಿಟ್ಟರೆ ಒಳಗಿನ ಒತ್ತಡ ಏರಿ ಹೀಗಾಗುವುದುಂಟು, ಆದರೆ ನಾನು ಯಾವಾಗಲೂ ನೆರಳಲ್ಲೇ ಇಡುತ್ತಿದ್ದೆ.

ಬಟ್ಟೆಯ ವಿಷಯಕ್ಕೆ ಬಂದರೆ, 20 ಡೆನಿಯರ್ (ನೂಲಿನ ದಪ್ಪದ ಅಳತೆ) ಹಗುರ, ಮುಳ್ಳಿಗೆ ಹೆದರಬೇಕು. 70 ಡೆನಿಯರ್ ಗಟ್ಟಿ, ತೂಕ ಜಾಸ್ತಿ. ಹಗುರದ್ದನ್ನೇ ತಗೊಂಡು ಕೆಳಗೆ ತೆಳು ಫೋಮ್ ಹಾಳೆ ಹಾಸಿದರೆ ಸಾಕಾ? ಎರಡರ ಆರ್-ವ್ಯಾಲ್ಯೂ (ನೆಲದ ಚಳಿ ತಡೆಯುವ ಶಕ್ತಿಯ ಅಳತೆ) ಕೂಡುವುದರಿಂದ ಚಳಿಗೂ ಅನುಕೂಲ. ನನ್ನ ಮನಸ್ಸು ಇದರ ಕಡೆಗೇ ಇದೆ.

ವರ್ಷಗಟ್ಟಲೆ ಒಂದೇ ಪ್ಯಾಡ್ ಬಳಸಿದವರು ಖಂಡಿತ ಬರೆಯಿರಿ. ಮೊದಲು ಕೆಟ್ಟದ್ದು ಏನು? ವಾಲ್ವಾ, ಅಂಟಾ, ಬಟ್ಟೆಯಾ? ಒಳಗೆ ಹೊಳೆಯುವ ಹಾಳೆ ಇರುವ ಪ್ಯಾಡ್‌ಗಳ ಸರಸರ ಸದ್ದು ನಿದ್ದೆ ಕೆಡಿಸುತ್ತಾ ಅನ್ನುವುದನ್ನೂ ತಿಳಿಸಿ.