ಪಕ್ಕದ ಮನೆ ನಾಯಿ ಬೇಲಿ ದಾಟಿ ಬಂದು ಕೋಳಿ ಕೊಲ್ಲುತ್ತಿದೆ, ಏನು ಮಾಡಲಿ?

ಪ್ರಶ್ನೆ (ತೀರ್ಥಹಳ್ಳಿ ಕಡೆಯಿಂದ):
ನಮ್ಮದು ತೋಟದ ಮನೆ. ಹಿತ್ತಲಲ್ಲಿ ನಾಟಿ ಮತ್ತು ಗಿರಿರಾಜ ಸೇರಿ 14 ಕೋಳಿ ಇದ್ದವು. ಭಾನುವಾರ ಬೆಳಿಗ್ಗೆ ತಿಂಡಿ ತಿನ್ನುತ್ತಿದ್ದಾಗ ಗಲಾಟೆ ಕೇಳಿ ಓಡಿ ಬಂದರೆ ಐದು ಸತ್ತು ಬಿದ್ದಿದ್ದವು, ಒಂದನ್ನೂ ತಿಂದಿರಲಿಲ್ಲ, ಅಂಗಳದ ತುಂಬ ಬರೀ ಪುಕ್ಕ. ಒಂದು ಹೇಂಟೆಗೆ ಬೆನ್ನ ಮೇಲೆ ಹಲ್ಲಿನ ಗಾಯ ಆಗಿದೆ. ಪಕ್ಕದ ಮನೆ ನಾಯಿ ಆ ಕಡೆ ಓಡುವುದನ್ನು ನಾನೇ ನೋಡಿದೆ. ಇದು ಮೂರನೇ ಸಲ. ಬೇಲಿ ಆರಡಿ ಎತ್ತರ ಇದೆ, ತೆಳು ಕೋಳಿ ಮೆಶ್ ಕಟ್ಟಿದ್ದೇನೆ. ಪಕ್ಕದ ಮನೆಯಣ್ಣ ಕೆಟ್ಟವರಲ್ಲ. ಹೇಳಿದರೆ "ಮಂಗ ಓಡಿಸೋಕೆ ಬಿಡ್ತೀನಿ ಮಾರಾಯ, ಕಟ್ಟಿದ್ರೆ ಬಾಳೆ ಒಂದೂ ಉಳಿಯಲ್ಲ" ಅನ್ನುತ್ತಾರೆ. ಅದೂ ಸುಳ್ಳಲ್ಲ. ಉಳಿದ ಕೋಳಿಗಳು ನಾಲ್ಕು ದಿನದಿಂದ ಮೊಟ್ಟೆ ಇಟ್ಟಿಲ್ಲ. ಅಮ್ಮ ಮರಿಯಿಂದ ಸಾಕಿದ ಕೋಳಿಗಳಿವು, ಅವರಿಗೆ ಊಟವೇ ಸೇರುತ್ತಿಲ್ಲ. ಬೇಲಿ ಎಂಟಡಿ ಮಾಡಿಸಲಾ? ಒಬ್ಬರು ವಿಷ ಇಡು ಅಂದರು, ನನಗೆ ಮನಸ್ಸಿಲ್ಲ.

ಉತ್ತರ (ಸಾಗರ):
ವಿಷ ಬೇಡವೇ ಬೇಡ. ವಿಷ ಇಟ್ಟ ತುಂಡನ್ನು ಕಾಗೆ ಎತ್ತಿಕೊಂಡು ಹೋಗಿ ಇನ್ನೆಲ್ಲೋ ಬೀಳಿಸುತ್ತದೆ, ಮುಂಗುಸಿ ತಿನ್ನುತ್ತದೆ, ನಿಮ್ಮ ಕೋಳಿಯೇ ಕುಕ್ಕುತ್ತದೆ. ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಪ್ರಕಾರ ಪ್ರಾಣಿಗೆ ವಿಷ ಹಾಕಿದರೆ 5 ವರ್ಷದವರೆಗೂ ಜೈಲು ಆಗಬಹುದು. ಅದಕ್ಕಿಂತ ಮುಖ್ಯ, ಆ ನಾಯಿ ಏನು ತಪ್ಪು ಮಾಡಿದೆ ಹೇಳಿ? ಎದುರು ಏನಾದರೂ ಓಡಿದರೆ ಹಿಡಿಯುವುದು ಅದರ ಹುಟ್ಟುಗುಣ. ಒಂದು ಹಿಡಿದಾಗ ಉಳಿದವು ಹಾರಾಡುತ್ತವೆ, ಅವನ್ನೂ ಹಿಡಿಯುತ್ತದೆ. ತಿನ್ನದೆ ಬಿಟ್ಟದ್ದು ಅದಕ್ಕೇ.

ಗಾಯದ ಹೇಂಟೆಯನ್ನು ಬೇರೆ ಮಾಡಿ. ಇಲ್ಲದಿದ್ದರೆ ರಕ್ತ ಕಂಡು ಉಳಿದ ಕೋಳಿಗಳು ಕುಕ್ಕಿ ಕುಕ್ಕಿ ಸಾಯಿಸುತ್ತವೆ. ಗಾಯದ ಸುತ್ತಲಿನ ಪುಕ್ಕ ಕತ್ತರಿಸಿ, ಉಪ್ಪುನೀರಲ್ಲಿ ತೊಳೆದು, ಪೊವಿಡೋನ್ ಅಯೋಡಿನ್ ಹಚ್ಚಿ, ಬುಟ್ಟಿಯಲ್ಲಿ ಕತ್ತಲಾದ ಜಾಗದಲ್ಲಿಡಿ. ನಾಯಿ ಹಲ್ಲು ಮೇಲೆ ಚಿಕ್ಕದಾಗಿ ಕಂಡರೂ ಒಳಗೆ ಆಳ ಹೋಗಿರುತ್ತದೆ, ಆದ್ದರಿಂದ ಪಶು ಆಸ್ಪತ್ರೆಗೂ ತೋರಿಸಿ. ಹೆದರಿದ ಕೋಳಿ ಸ್ವಲ್ಪ ದಿನ ಮೊಟ್ಟೆ ನಿಲ್ಲಿಸುತ್ತದೆ, ಅದಕ್ಕೆ ಗಾಬರಿ ಬೇಡ.

ಉತ್ತರ (ಕೊಪ್ಪ):
ಎಂಟಡಿ ಮಾಡಿಸುವ ಮೊದಲು ಒಂದು ನೋಡಿ. ನಾಯಿ ಹಾರಿ ಬಂದಿತಾ, ಕೆಳಗೆ ನುಸುಳಿತಾ? ಬೇಲಿ ಬುಡದ ಸುತ್ತ ಒಂದು ಸಲ ನಡೆಯಿರಿ. ಕೆದರಿದ ಮಣ್ಣು, ತಂತಿಗೆ ಸಿಕ್ಕ ಕೂದಲು ಇದೆಯಾ?

ಪ್ರಶ್ನೆ ಕೇಳಿದವರು:
ಇದೆ! ಹಲಸಿನ ಮರದ ಹತ್ತಿರ ಮಳೆನೀರು ಹೋಗುವ ಕಡೆ ಒಂದು ಗೇಣು ಸಂದಿ. ಮೆಶ್ ಕೂಡ ಅಲ್ಲೇ ಹರಿದಿದೆ. ಇಷ್ಟು ದಿನ ನಾನು ಮೇಲೆಯೇ ನೋಡುತ್ತಿದ್ದೆ.

ಉತ್ತರ (ಕೊಪ್ಪ):
ಹಾಗಾದರೆ ಎತ್ತರಕ್ಕೆ ದುಡ್ಡು ಹಾಕಬೇಡಿ. ತೆಳು ಕೋಳಿ ಮೆಶ್ ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆ ಅಷ್ಟೇ, ನಾಯಿ ಅದನ್ನು ಹಲ್ಲಿನಲ್ಲೇ ಹರಿಯುತ್ತದೆ. ಕೆಳಗಿನ ಮೂರಡಿಗೆ ವೆಲ್ಡ್ ಮೆಶ್ (ದಪ್ಪ ತಂತಿಗಳನ್ನು ಬೆಸುಗೆ ಹಾಕಿ ಮಾಡಿದ ಗಟ್ಟಿ ಬಲೆ) ಕಟ್ಟಿ. ಆಮೇಲೆ ಎರಡಡಿ ಅಗಲದ ಇನ್ನೊಂದು ಪಟ್ಟಿಯನ್ನು ಬೇಲಿಯ ಹೊರಗಡೆ ನೆಲದ ಮೇಲೆ ಚಾಪೆ ಹಾಸಿದ ಹಾಗೆ ಹಾಸಿ, ಬೇಲಿ ಬುಡಕ್ಕೆ ತಂತಿಯಲ್ಲಿ ಬಿಗಿದು, ಮೇಲೆ ಕಲ್ಲು ಹೇರಿ. ನಾಯಿ ಯಾವಾಗಲೂ ಬೇಲಿಯ ಬುಡದಲ್ಲೇ ಕೆದರುವುದು, ಎರಡಡಿ ಹಿಂದೆ ಸರಿದು ತೋಡೋಣ ಅಂತ ಅದಕ್ಕೆ ಹೊಳೆಯುವುದಿಲ್ಲ. ಒಂದು ಮಳೆಗಾಲ ಕಳೆದರೆ ಹುಲ್ಲು ಬೆಳೆದು ಮೆಶ್ ಕಾಣುವುದೂ ಇಲ್ಲ. ನೀರು ಹೋಗುವ ಜಾಗಕ್ಕೆ ಮಣ್ಣು ತುಂಬಬೇಡಿ, ಕೊಚ್ಚಿ ಹೋಗುತ್ತದೆ. ಕಬ್ಬಿಣದ ಸರಳು ಹೂಳಿ.

ಒಂದು ಮಾತು, ಸಿಟ್ಟಿನಲ್ಲಿ ಮನೆ ಕರೆಂಟನ್ನು ಬೇಲಿಗೆ ಕೊಡುವ ಯೋಚನೆ ಯಾರೂ ಮಾಡಬೇಡಿ. ಮನುಷ್ಯರೇ ಸಾಯುತ್ತಾರೆ.

ಉತ್ತರ (ಸಾಗರ):
ಪಕ್ಕದ ಮನೆಯವರ ಹತ್ತಿರ "ಕಟ್ಟಿ ಹಾಕಿ" ಅಂತ ಮಾತ್ರ ಹೇಳಿದರೆ ಆಗುವುದಿಲ್ಲ, ಅವರಿಗೆ ಮಂಗದ ಕಷ್ಟ ನಿಜವಾಗಿಯೂ ಇದೆ. ನಾವು ಇಲ್ಲಿ ಮಾಡಿದ್ದು ಹೇಳುತ್ತೇನೆ. ತೋಟದಲ್ಲಿ ಎರಡು ಮರದ ನಡುವೆ ತಲೆಯ ಮೇಲೆ ಜಿಐ ತಂತಿ (ಸತು ಲೇಪದ ಕಬ್ಬಿಣದ ತಂತಿ) ಎಳೆದು, ಅದಕ್ಕೆ ಕಬ್ಬಿಣದ ಬಳೆ ಪೋಣಿಸಿ, ಬಳೆಗೆ ಸರಪಳಿ ಹಾಕಿದೆವು. ನಾಯಿ ಆ ತುದಿಯಿಂದ ಈ ತುದಿಗೆ ಓಡಾಡುತ್ತದೆ, ಬೊಗಳುತ್ತದೆ, ಬೇಲಿ ಹತ್ತಿರ ಬರಲಾಗುವುದಿಲ್ಲ. ಸರಪಳಿ ಮರಕ್ಕೆ ಸುತ್ತಿಕೊಳ್ಳದಂತೆ ಎರಡೂ ಕಡೆ ಐದಾರು ಅಡಿ ಮೊದಲೇ ತಂತಿಗೆ ತಡೆ ಕಟ್ಟಬೇಕು. ನೆರಳು, ನೀರು ಇರಲೇಬೇಕು.

ಹೊತ್ತನ್ನೂ ಹಂಚಿಕೊಳ್ಳಿ. ಬೆಳಿಗ್ಗೆ 10ರವರೆಗೆ ಅವರು ನಾಯಿ ಬಿಡಲಿ, ನಿಮ್ಮ ಕೋಳಿ ಗೂಡಲ್ಲಿರಲಿ. ಕೋಳಿ ಜಾಸ್ತಿ ಮೊಟ್ಟೆ ಇಡುವುದು ಬೆಳಿಗ್ಗೆಯೇ ಅಲ್ವಾ, ಪೊದೆಯಲ್ಲಿ ಹುಡುಕುವ ಕೆಲಸವೂ ತಪ್ಪುತ್ತದೆ.

ಪ್ರಶ್ನೆ ಕೇಳಿದವರು (ಮೂರು ವಾರದ ನಂತರ):
ಮೆಶ್ ಹಾಸಿದ ಎರಡನೇ ರಾತ್ರಿಯೇ ನಾಯಿ ಬಂದು ಅದೇ ಜಾಗದಲ್ಲಿ ಕೆದರಿದೆ, ಉಗುರಿನ ಗುರುತಿದೆ, ಒಳಗೆ ಬಂದಿಲ್ಲ. ತಂತಿಯ ವಿಷಯ ಹೇಳಿದಾಗ ಪಕ್ಕದ ಮನೆಯಣ್ಣ ಮೊದಲು ಸುಮ್ನೆ ಇದ್ದರು, ಮರುದಿನ ತಾವೇ ಬಳೆ ತಂದರು. ಇಬ್ಬರೂ ಸೇರಿ ಎಳೆದೆವು. ಗಾಯದ ಹೇಂಟೆ ಬದುಕಿದೆ, ಬೆನ್ನಲ್ಲಿ ಹೊಸ ಪುಕ್ಕ ಚಿಗುರುತ್ತಿದೆ, ಮೊಟ್ಟೆ ಇನ್ನೂ ಇಟ್ಟಿಲ್ಲ. ಅಮ್ಮ ದಿನಾ ಅದಕ್ಕೆ ಬೇರೆಯಾಗಿ ನುಚ್ಚು ಹಾಕುತ್ತಾರೆ. ಗೇಟಿನ ಕೆಳಗೆ ಮಾತ್ರ ಇನ್ನೂ ನಾಲ್ಕು ಬೆರಳು ಸಂದಿ ಇದೆ. ಅಲ್ಲಿ ಚಪ್ಪಡಿ ಕಲ್ಲು ಹಾಕಿದರೆ ಸಾಕಾ?

ಉತ್ತರ (ಕೊಪ್ಪ):
ಸಾಕು. ಕಲ್ಲು ಅರ್ಧ ಅಡಿ ಒಳಗೆ ಕೂರುವ ಹಾಗೆ ಹೂಳಿ.